ಮನೆಯ ಟಿ.ವಿ.ಯಿಂದ ಶುರುಮಾಡಿ

ಕೇಳುಗರಿಗೆ ನಮಸ್ಕಾರ. ವಿಶ್ವವಿದ್ಯಾಲಯವೊಂದು ತನ್ನದೇ ಟಿ.ವಿ. ಕೇಂದ್ರ ತೆರೆಯುತ್ತದೆ ಎಂದರೆ ಎಲ್ಲರೂ ವಿಚಾರಿಸುವುದು ಕ್ಯಾಮೆರಾ ಯಾವುದು, ಗೋಪುರ ಎಷ್ಟೆತ್ತರ ಅಂತ. ನಾನು ಕೇಳುವುದು ಒಂದೇ: ನೋಡುವವರ ಮನೆಯಲ್ಲಿ ಯಾವ ಟಿ.ವಿ. ಇದೆ, ಅವರಿಗೆ ಬಿಡುವು ಯಾವಾಗ?

ಅಮೆರಿಕದ ಹ್ಯೂಸ್ಟನ್ನನ್ನೇ ತೆಗೆದುಕೊಳ್ಳಿ. 1952ರಲ್ಲಿ ಅಲ್ಲಿನ ಸಂಪರ್ಕ ಆಯೋಗ, ಅಂದರೆ ಪ್ರಸಾರಕ್ಕೆ ಪರವಾನಗಿ ಕೊಡುವ ಸರ್ಕಾರಿ ಸಂಸ್ಥೆ, ದೇಶದಾದ್ಯಂತ 242 ಚಾನೆಲ್‌ಗಳನ್ನು ಶಿಕ್ಷಣಕ್ಕೆಂದು ಮೀಸಲಿಟ್ಟಿತು. ಅದಕ್ಕಾಗಿ ಪಟ್ಟು ಹಿಡಿದವರು ಆಯೋಗದ ಮೊದಲ ಮಹಿಳಾ ಸದಸ್ಯೆ ಫ್ರೀಡಾ ಹೆನ್ನಾಕ್. ಮೀಸಲಿಡದಿದ್ದರೆ, ಕಾಲೇಜುಗಳು ದುಡ್ಡು ಹೊಂದಿಸುವಷ್ಟರಲ್ಲಿ ಜಾಹೀರಾತಿನಿಂದ ನಡೆಯುವ ಕೇಂದ್ರದವರು ಚಾನೆಲ್‌ಗಳನ್ನೆಲ್ಲ ಬಾಚಿಕೊಂಡಿರುತ್ತಾರಲ್ಲ! ಮರುವರ್ಷ, 1953ರ ಮೇ 25ಕ್ಕೆ, ಹ್ಯೂಸ್ಟನ್ ವಿಶ್ವವಿದ್ಯಾಲಯದ ಕೆ.ಯು.ಎಚ್.ಟಿ. ಎಂಬ ಟಿ.ವಿ. ಕೇಂದ್ರ ಎಂಟನೇ ಚಾನೆಲ್‌ನಲ್ಲಿ ಪ್ರಸಾರ ಆರಂಭಿಸಿತು. ಪದವಿಯ ಲೆಕ್ಕಕ್ಕೆ ಸೇರುವ ಪಾಠಗಳನ್ನೇ ಸಂಜೆ ಹೊತ್ತು ಬಿತ್ತರಿಸಿತು. ಹಗಲೆಲ್ಲ ದುಡಿದವರು ಮನೆಯಲ್ಲಿ ಕೂತು ಕಲಿಯಬೇಕಿತ್ತು. ಹೊತ್ತು ನೋಡುವವರದ್ದು, ಪ್ರೊಫೆಸರರದ್ದಲ್ಲ.

ಆ ಎಂಟು ಎಂಬ ಸಂಖ್ಯೆಯಲ್ಲೂ ಗುಟ್ಟಿದೆ. ಆಗಿನ ಬಹುತೇಕ ಟಿ.ವಿ.ಗಳಿಗೆ ಸಿಗುತ್ತಿದ್ದದ್ದು 2ರಿಂದ 13ರವರೆಗಿನ ಚಾನೆಲ್ ಮಾತ್ರ. 14ರಿಂದ ಮೇಲಿನವು ಯು.ಎಚ್.ಎಫ್., ಅಂದರೆ ಇನ್ನೂ ಹೆಚ್ಚಿನ ಕಂಪನದ ರೇಡಿಯೋ ಅಲೆಗಳಲ್ಲಿ ಬರುವ ಚಾನೆಲ್‌ಗಳು; ಆ ಟಿ.ವಿ.ಗಳಲ್ಲಿ ಅವು ಸಿಗಲು ಬೇರೆ ಕನ್ವರ್ಟರ್ ಪೆಟ್ಟಿಗೆ ಬೇಕಿತ್ತು. ಮೀಸಲಿಟ್ಟವುಗಳಲ್ಲಿ ಹೆಚ್ಚಿನವು ಇವೇ! ಅಂಥ ಚಾನೆಲ್ ಸಿಕ್ಕ ಕಡೆ ಗೋಪುರ ನಿಂತಿತ್ತು, ಪಾಠವೂ ಹೋಗುತ್ತಿತ್ತು, ಮನೆಯಲ್ಲಿ ಮಾತ್ರ ಬರೀ ಗೊರಗೊರ. ಹೊಸ ಟಿ.ವಿ.ಗಳಲ್ಲಿ ಎಲ್ಲ ಚಾನೆಲ್ ಸಿಗಲೇಬೇಕೆಂಬ ಕಾನೂನು ಬಂದದ್ದು 1962ರಲ್ಲಿ, ಜಾರಿಯಾದದ್ದು 1964ರಲ್ಲಿ. ಮತ್ತೆ ಹೇಳುತ್ತೇನೆ, ಮನೆಯಿಂದ ಶುರುಮಾಡಿ.

ಹೊತ್ತಾಯಿತು, ಪಾಠ ಚಿತ್ರೀಕರಿಸುವವರಿಗೆ ಉಳಿದ ಮಾತು ಬೇಗ ಬೇಗ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ. ಮೂಲೆಯಲ್ಲಿರುವ ಕ್ಯಾಮೆರಾದ ಮೈಕನ್ನೇ ನಂಬಿದರೆ ಕೋಣೆಯ ಮಾರ್ದನಿಯಲ್ಲಿ ಮಾತು ಮುಳುಗುತ್ತದೆ. ಸಣ್ಣ ಗೆರೆಯ ಅಂಗಿ ಬೇಡ, ಪರದೆಯ ಮೇಲೆ ಗೆರೆಗಳು ಮಿಣಮಿಣ ಕುಣಿಯುತ್ತವೆ. ಹಳೆಯ ಟಿ.ವಿ.ಗಳು ಚಿತ್ರದ ಅಂಚನ್ನು ನುಂಗುತ್ತವೆ, ಹಾಗಾಗಿ ಅಕ್ಷರಗಳು ನಡುವಿನ ಶೇಕಡ 80ರಷ್ಟು ಜಾಗದೊಳಗೇ ಇರಲಿ. ಒಂದು ಪರದೆಗೆ ಆರು ಸಾಲು ಸಾಕು. ಪುಸ್ತಕದ ಪುಟವನ್ನೇ ತಂದು ತೋರಿಸುವವರಿಗೆ ಏನನ್ನೋಣ! ಪರದೆಯ ಎತ್ತರದ ಆರು ಪಟ್ಟು ದೂರ ಕೂತು ಓದಿ ನೋಡಿ.

ಕೊನೆಯದಾಗಿ, ಪ್ರಸಾರಕ್ಕೆ ಮೊದಲು ಸ್ಟುಡಿಯೋದ ದುಬಾರಿ ಸ್ಪೀಕರ್ ಬಂದ್ ಮಾಡಿ, ಮಾಮೂಲಿ ಟಿ.ವಿ.ಯಲ್ಲಿ ಫ್ಯಾನ್ ಹಾಕಿಕೊಂಡು ಪಾಠ ಕೇಳಿ. ಎರಡು ಮಾತು ತಪ್ಪಿಹೋದರೂ ಮತ್ತೆ ರೆಕಾರ್ಡ್ ಮಾಡಿ. ನಮಸ್ಕಾರ.