ಕಿವಿ ತಾನೇ ಹೊರಡಿಸುವ ಸದ್ದು

ಹಾಸನ ಜಿಲ್ಲೆಯ ಎಲ್ಲ ತಾಲ್ಲೂಕುಗಳಿಂದ ಬಂದಿರುವ ದಾದಿಯರಿಗೆ, ಆಶಾ ಕಾರ್ಯಕರ್ತೆಯರಿಗೆ ನಮಸ್ಕಾರ.

ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಮನೆಗಳಲ್ಲಿ ತಟ್ಟೆ ಬಡಿಯುತ್ತಾರೆ. ಕೂಸು ಬೆಚ್ಚಿದರೆ 'ಕೇಳ್ತದೆ ಬಿಡಿ' ಎಂದು ಸುಮ್ಮನಾಗುತ್ತಾರೆ. ತಟ್ಟೆಯ ಸದ್ದು ಬಲು ಜೋರು. ಮಾತು ಸರಿಯಾಗಿ ಕೇಳಿಸದ ಕೂಸೂ ಅದಕ್ಕೆ ಬೆಚ್ಚುತ್ತದೆ. ಎರಡು ದಿನದ ಕೂಸು ಬಾಯಿಬಿಟ್ಟು ಹೇಳಲಾರದು, ಆದರೆ ಅದರ ಕಿವಿ ಹೇಳುತ್ತದೆ.

ಒಳಕಿವಿಯೊಳಗೆ ಸದ್ದನ್ನು ಹೆಚ್ಚಿಸುವ ಏರ್ಪಾಡೊಂದು ಇರಲೇಬೇಕು ಎಂದು ವಿಜ್ಞಾನಿ ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು. ಲಂಡನ್ನಿನ ವಿಜ್ಞಾನಿ ಡೇವಿಡ್ ಕೆಂಪ್ ಕಿವಿಯ ಕೊಳವೆಯಲ್ಲಿ ಪುಟ್ಟ ಮೈಕ್ ಇಟ್ಟು, 'ಕ್ಲಿಕ್' ಎನಿಸಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಒಳಗಿನಿಂದ ಮರಳಿದ ಸದ್ದನ್ನು ಹಿಡಿದು 1978ರಲ್ಲಿ ಪ್ರಕಟಿಸಿದರು.

ಸದ್ದಿನ ಮೂಲ ಕಾಕ್ಲಿಯಾದ (ಒಳಕಿವಿಯ ಸುರುಳಿಯ) ಹೊರಸಾಲಿನ ರೋಮಕೋಶಗಳು, ಒಂದು ಕಿವಿಗೆ ಸುಮಾರು 12,000. ಮಿದುಳಿಗೆ ಸುದ್ದಿ ಮುಟ್ಟಿಸುವ ಒಳಸಾಲಿನವು ಸುಮಾರು 3,500. ಹೊರಸಾಲಿನವು ಸದ್ದಿನ ತಾಳಕ್ಕೆ ಉದ್ದ, ಗಿಡ್ಡ ಆಗುತ್ತಾ ಸಣ್ಣ ಸದ್ದನ್ನು 40ರಿಂದ 60 ಡೆಸಿಬೆಲ್ ಎತ್ತಿಕೊಡುತ್ತವೆ. ಆ ಕುಣಿತದ ಒಂದು ಚೂರು ಹಿಮ್ಮುಖವಾಗಿ ನಡುಗಿವಿಯ ಮೂಳೆಗಳನ್ನೂ ತಮಟೆಯನ್ನೂ ದಾಟಿ ಹೊರಬರುತ್ತದೆ. ಒಎಇ (ಓಟೋಅಕೌಸ್ಟಿಕ್ ಎಮಿಷನ್, ಅಂದರೆ ಕಿವಿ ಹೊರಡಿಸುವ ಸದ್ದು) ಯಂತ್ರ ಹಿಡಿಯುವುದು ಇದನ್ನೇ.

ಒಂದು ಬಗೆಯ ಪರೀಕ್ಷೆಯಲ್ಲಿ ಎರಡು ಸ್ವರ ಕೊಡುತ್ತೇವೆ: 55 ಡೆಸಿಬೆಲ್‌ನಲ್ಲಿ 4,000 ಹರ್ಟ್ಸ್, 65ರಲ್ಲಿ ಸುಮಾರು 3,280. ಕಿವಿ ಚೆನ್ನಾಗಿದ್ದರೆ ನಾವು ಕೊಡದ ಮೂರನೆಯ ಸ್ವರವೊಂದು, ಸುಮಾರು 2,560 ಹರ್ಟ್ಸ್, ಹೊರಗೆ ಕೇಳಿಬರುತ್ತದೆ. ಎಷ್ಟು ಸಲ ಕಂಡರೂ ಬೆರಗಿನ ಸಂಗತಿ ಇದು! ಅದು ಹಿನ್ನೆಲೆ ಗದ್ದಲಕ್ಕಿಂತ ಸಾಮಾನ್ಯವಾಗಿ 6 ಡೆಸಿಬೆಲ್ ಮೇಲಿರಬೇಕು.

ಪರೀಕ್ಷೆ ಕೆಡುವುದು ಇಲ್ಲೇ. ಸದ್ದು ನಡುಗಿವಿಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು. ಹುಟ್ಟಿದ ಮೊದಲ 24 ಗಂಟೆಯಲ್ಲಿ ಅಲ್ಲಿ ನೀರಿರುತ್ತದೆ, ಕೊಳವೆಯಲ್ಲಿ ಬಿಳಿ ಜಿಡ್ಡಿರುತ್ತದೆ. ಒಳ್ಳೆಯ ಕಿವಿಗೂ 'ರೆಫರ್', ಅಂದರೆ 'ಮತ್ತೆ ಪರೀಕ್ಷಿಸಿ' ಎಂದು ಬರುತ್ತದೆ. ಎರಡನೆಯ ದಿನ ಮಾಡಿ. ಕೂಸು ಹಾಲು ಕುಡಿದು ಮಲಗಿರಲಿ, ಫ್ಯಾನ್ ನಿಲ್ಲಿಸಿ. ಕಿವಿಯೊಳಗಿಡುವ ಪ್ರೋಬಿನ ತುದಿ ಸಡಿಲವಿದ್ದರೆ ಗದ್ದಲ ಒಳನುಗ್ಗುತ್ತದೆ. ಅದರ ಸಣ್ಣ ತೂತು ಕಟ್ಟಿದ್ದರೆ ಸದ್ದೇ ಹೋಗುವುದಿಲ್ಲ, ಪ್ರತಿ ಕೂಸಿಗೂ ಮುಂಚೆ ಬೆಳಕಿಗೆ ಹಿಡಿದು ನೋಡಿ. ಅಜ್ಜಿಯರು ಎರೆಯುವಾಗ ಕಿವಿಗೆ ಎಣ್ಣೆ ಬಿಡದಂತೆ ಗೌರವದಿಂದಲೇ ಹೇಳಿ. ಸಕಲೇಶಪುರದ ಕಡೆ ತೋಟದ ಲೈನ್‌ಮನೆಗೆ ಮರಳಿದ ಬಾಣಂತಿ ಮತ್ತೆ ಬರುವುದು ಕಷ್ಟ. ಆದಷ್ಟೂ ಡಿಸ್ಚಾರ್ಜಿಗೆ ಮೊದಲೇ ಎರಡನೆಯ ಸಲ ಮಾಡಿಬಿಡಿ.

'ಪಾಸ್' ಬಂದರೆ ಹೊರಸಾಲಿನ ಕೋಶಗಳು ಕೆಲಸ ಮಾಡುತ್ತಿವೆ ಎಂದಷ್ಟೇ ಅರ್ಥ. ಒಳಸಾಲಿನಲ್ಲೋ ನರದಲ್ಲೋ ತೊಂದರೆಯಿದ್ದರೆ ಒಎಇ ಅದನ್ನು ಕಾಣದು. ಆದ್ದರಿಂದ ತೀವ್ರ ಕಾಮಾಲೆಗೆ ರಕ್ತ ಬದಲಿಸಿಕೊಂಡ ಕೂಸಿಗೂ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಐದು ದಿನ ಮೀರಿ ಇದ್ದ ಕೂಸಿಗೂ 'ಪಾಸ್' ಬಂದರೂ ಬೇರಾ ಪರೀಕ್ಷೆ (ಸದ್ದಿಗೆ ನರವೂ ಮಿದುಳಿನ ಕಾಂಡವೂ ಸ್ಪಂದಿಸುವುದನ್ನು ಅಳೆಯುವುದು) ಬೇಕು. ಎರಡು ಸಲ 'ರೆಫರ್' ಬಂದ ಕೂಸನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಬಹುದು. ಹುಟ್ಟಿದ ಮೂರು ತಿಂಗಳೊಳಗೆ ದೋಷ ಖಚಿತವಾಗಬೇಕು, ಆರು ತಿಂಗಳೊಳಗೆ ಶ್ರವಣ ಸಾಧನ ಕಿವಿಗೆ ಬರಬೇಕು. ಆ ದಿನಾಂಕಗಳನ್ನು ಇವತ್ತೇ ತಾಯಿ ಕಾರ್ಡಿನ ಮೇಲೆ ಬರೆದುಕೊಡಿ.