ಡಿಫಾಲ್ಟ್ ರೂಟುಗಳ ಸರದಿ: ಕರ್ನೆಲ್ಲನ್ನೇ ಕೇಳೋಣ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿ ಅಂತ ಇಟ್ಟುಕೊಳ್ಳಿ. ಲಿನಕ್ಸ್ ಕಂಪ್ಯೂಟರಿಗೆ ಕೇಬಲ್ ಬ್ರಾಡ್‌ಬ್ಯಾಂಡ್ ಇದೆ, ಮೊಬೈಲ್ ಹಾಟ್‌ಸ್ಪಾಟಿನ ವೈಫೈ ಕೂಡ ಇದೆ. ಟೆಂಡರ್ ದರ ಹಾಕುವ ಹೊತ್ತಿಗೇ ಬ್ರಾಡ್‌ಬ್ಯಾಂಡ್ ಕೈಕೊಟ್ಟಿತು. ವೈಫೈ ಚೆನ್ನಾಗಿಯೇ ಇದೆ, ಆದರೆ ಪುಟ ತೆರೆಯುತ್ತಿಲ್ಲ. ಕಾರಣ ಇಷ್ಟೇ: ಕೇಬಲ್ ಇನ್ನೂ ಮೋಡೆಮ್ಮಿಗೆ ಸಿಕ್ಕಿಸಿಯೇ ಇದೆ, ಲಿಂಕ್ ಜೀವಂತ. ಆಚೆ ಎಲ್ಲೋ ಫೈಬರ್ ತುಂಡಾಗಿದ್ದು ಕರ್ನೆಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ತಿಳಿಯುವುದಿಲ್ಲ. ಬೇರೆ ನಿರ್ದಿಷ್ಟ ದಾರಿ ಇಲ್ಲದ ಪ್ಯಾಕೆಟ್ಟುಗಳು ಹಿಡಿಯುವ ದಾರಿಯೇ ಡಿಫಾಲ್ಟ್ ರೂಟ್, ಅದರ ಸರದಿಯ ಸಂಖ್ಯೆಯೇ ಮೆಟ್ರಿಕ್. ಈಥರ್ನೆಟ್ಟಿನ ಡಿಫಾಲ್ಟ್ ರೂಟಿಗೆ ಮೆಟ್ರಿಕ್ 100, ವೈಫೈಗೆ 600; ಸಣ್ಣ ಸಂಖ್ಯೆಗೇ ಮೊದಲ ಮಣೆ. ಈ ಸರದಿಯನ್ನು ಪ್ರೋಗ್ರಾಮಿನಿಂದ ಸರಿಯಾಗಿ ಓದುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಈ 100, 600 ಎಂಬವು ಸಂಪರ್ಕಗಳನ್ನು ನಿಭಾಯಿಸುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಪ್ರೋಗ್ರಾಮ್ ಬರೆದಿಟ್ಟ ಅಂಕಿ. ಅದರ ಬದಲು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಆಗಿದ್ದರೆ, ಡಿಎಚ್‌ಸಿಪಿ (ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ) ಮೂಲಕ ಬಂದ ರೂಟಿಗೆ 1024 ಹಾಕುತ್ತದೆ. ವೇಗವಾಗಲಿ ಡೇಟಾ ಖರ್ಚಾಗಲಿ ಕರ್ನೆಲ್ಲಿಗೆ ಲೆಕ್ಕಕ್ಕಿಲ್ಲ. ಮೆಟ್ರಿಕ್ ಹೇಳದೆ ಕೈಯಿಂದ ರೂಟ್ ಸೇರಿಸಿದರೆ ಇಂಟರ್ನೆಟ್ ವಿಳಾಸದ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಅದು 0 ಆಗುತ್ತದೆ, ಅಂದರೆ ಎಲ್ಲರಿಗಿಂತ ಮುಂದೆ. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಅದೇ 1024 ಆಗುತ್ತದೆ. ಹೀಗಾಗಿ ಸಂರಚನಾ ಕಡತ ಓದಿ ಸರದಿ ಊಹಿಸುವ ಪ್ರೋಗ್ರಾಮನ್ನು ನಂಬಬೇಡಿ.

ಕರ್ನೆಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಎಂಬ ಜಾಗದ ಕೆಳಗಿನ ನೆಟ್/ರೂಟ್ ಕಡತ ಓದುವುದು ಸುಲಭ ಅನ್ನಿಸುತ್ತದೆ. ಆದರೆ ಕರ್ನೆಲ್ಲಿನ ಹಲವು ರೂಟ್ ಪಟ್ಟಿಗಳಲ್ಲಿ ಅಲ್ಲಿ ಮೇನ್ ಟೇಬಲ್ ಮಾತ್ರ ಕಾಣುತ್ತದೆ, ಅದೂ ಐಪಿವಿ4ರದ್ದು. ನಮ್ಮ ಸಾಮಾನ್ಯ ಪಿಸಿಗಳಲ್ಲಿ ವಿಳಾಸದ ಬೈಟುಗಳು ತಿರುಗುಮುರುಗಾಗಿ ಹೆಕ್ಸ್‌ನಲ್ಲಿರುತ್ತವೆ, ಮೆಟ್ರಿಕ್ ಮಾತ್ರ ದಶಮಾನದಲ್ಲಿ. ಐಪಿವಿ6ರ ಕಡತದಲ್ಲಿ ಮೆಟ್ರಿಕ್ಕೂ ಹೆಕ್ಸ್: 00000400 ಎಂದರೆ 1024.

ಸರಿಯಾದ ಬಾಗಿಲು ನೆಟ್‌ಲಿಂಕ್, ಅಂದರೆ ಪ್ರೋಗ್ರಾಮುಗಳು ಕರ್ನೆಲ್ ಜೊತೆ ಮಾತಾಡುವ ಸಾಕೆಟ್. ಆರ್‌ಟಿಎಂ-ಗೆಟ್‌ರೂಟ್ ಸಂದೇಶವನ್ನು ಡಂಪ್ (ಪೂರ್ತಿ ಪಟ್ಟಿ ಕೊಡು ಎನ್ನುವ) ಫ್ಲ್ಯಾಗಿನೊಂದಿಗೆ ಕಳಿಸಿ. ಬರುವ ಉತ್ತರಗಳಲ್ಲಿ ಗಮ್ಯಸ್ಥಾನದ ಪ್ರಿಫಿಕ್ಸ್ ಉದ್ದ 0 ಇರುವುದನ್ನು (ಡಿಫಾಲ್ಟ್ ರೂಟಿನ ಗುರುತು ಅದೇ) ಮಾತ್ರ ಹೆಕ್ಕಿ, ಮೆಟ್ರಿಕ್ ಇರುವ ಆರ್‌ಟಿಎ-ಪ್ರಯಾರಿಟಿ ಓದಿ. ಪಕ್ಕದಲ್ಲೇ ಆರ್‌ಟಿಎ-ಮೆಟ್ರಿಕ್ಸ್ ಎಂಬುದೂ ಇದೆ. ಹೆಸರು ನೋಡಿ ಮೋಸಹೋಗಬೇಡಿ, ಅದರಲ್ಲಿರುವುದು ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ), ವಿಂಡೋ ಇಂಥವು. ಐಪಿವಿ4ರಲ್ಲಿ ಮೆಟ್ರಿಕ್ 0 ಇದ್ದರೆ ಆರ್‌ಟಿಎ-ಪ್ರಯಾರಿಟಿ ಬರುವುದೇ ಇಲ್ಲ. ಅದನ್ನು "ಗೊತ್ತಿಲ್ಲ" ಎಂದು ಕೊನೆಗೆ ತಳ್ಳಿದರೆ, ಗೆಲ್ಲುವ ರೂಟೇ ಪಟ್ಟಿಯ ತಳಕ್ಕೆ ಬೀಳುತ್ತದೆ. ಶೆಲ್ ಸ್ಕ್ರಿಪ್ಟೇ ಸಾಕೆಂದರೆ ಐಪಿ ಆಜ್ಞೆಗೆ ಜೇಸನ್ ಆಯ್ಕೆ ಕೊಡಿ. ಉತ್ತರದ ಸಾಲಿನಲ್ಲಿ ಪದ ಎಣಿಸುವ ಆಕ್ (awk) ಆಜ್ಞೆಯ ಕಸರತ್ತು ಬೇಡ.

ರೂಟುಗಳ ಬದಲಾವಣೆ ಕಾಯುವಾಗ ಇನ್ನೊಂದು ತೊಡಕು ಇದೆ. ಇಂಟರ್‌ಫೇಸನ್ನು ಡೌನ್ ಮಾಡಿದಾಗ ಕರ್ನೆಲ್ ಅದರ ಐಪಿವಿ4 ರೂಟುಗಳನ್ನು ಅಳಿಸುತ್ತದೆ, ಅಳಿಸಿದ ಸುದ್ದಿಯನ್ನು ಮಾತ್ರ ಕಳಿಸುವುದಿಲ್ಲ! ಆದ್ದರಿಂದ ನೆಟ್‌ಲಿಂಕ್ ಸುದ್ದಿ ಹಂಚುವ ರೂಟ್ ಗುಂಪಿನ ಜೊತೆ ಲಿಂಕ್ ಗುಂಪಿಗೂ ಕಿವಿಗೊಡಬೇಕು. ಸಾಕೆಟ್ ಇನೋಬಫ್ಸ್ (ಬಫರ್ ಜಾಗ ಸಾಲದು) ಎಂಬ ದೋಷ ಕೊಟ್ಟರೆ ಸಂದೇಶ ಕಳೆದುಹೋಗಿದೆ ಎಂದರ್ಥ; ಪೂರ್ತಿ ಡಂಪ್ ಮತ್ತೆ ತೆಗೆಯಿರಿ.

ಮೆಟ್ರಿಕ್ ಬದಲಿಸಲು ಐಪಿ ರೂಟ್ ರಿಪ್ಲೇಸ್ ಬಳಸಿದರೆ ಹಳೆಯದೂ ಉಳಿಯುತ್ತದೆ, ಹೊಸದೂ ಸೇರುತ್ತದೆ. ಮೆಟ್ರಿಕ್ ರೂಟಿನ ಗುರುತಿನ ಭಾಗವೇ ಆಗಿರುವುದು ಇದಕ್ಕೆ ಕಾರಣ. ಮೊದಲು ಹೊಸದನ್ನು ಸೇರಿಸಿ, ಆಮೇಲೆ ಹಳೆಯದನ್ನು ಅಳಿಸಿ. ನೆಟ್‌ವರ್ಕ್‌ಮ್ಯಾನೇಜರ್ ಇದ್ದಲ್ಲಿ ಅದರ ಐಪಿವಿ4 ರೂಟ್-ಮೆಟ್ರಿಕ್ ಗುಣವನ್ನೇ ತಿದ್ದುವುದು ಒಳ್ಳೆಯದು. ಅದರ ಸಂಪರ್ಕ ಪರೀಕ್ಷೆ ಚಾಲೂ ಇದ್ದರೆ, ಇಂಟರ್ನೆಟ್ ಸಿಗದ ಕೇಬಲ್ಲಿನ ಮೆಟ್ರಿಕ್ಕಿಗೆ 20000 ಕೂಡಿಸಿ 20100 ಮಾಡುತ್ತದೆ. ಬ್ಯಾಡಗಿಯ ಅಂಗಡಿಗೆ ಬೇಕಿದ್ದದ್ದು ಇದೇ.

ಇಷ್ಟಾದರೂ ಮೇನ್ ಟೇಬಲ್ಲಿನ ಸರದಿಯೇ ಕೊನೆಯ ಮಾತಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ ಚಾಲೂ ಮಾಡುವ ಡಬ್ಲ್ಯುಜಿ-ಕ್ವಿಕ್ ಎಲ್ಲ ಸಂಚಾರವನ್ನೂ ಅದರ ಮೂಲಕ ಕಳಿಸುವಾಗ ತನ್ನ ಡಿಫಾಲ್ಟ್ ರೂಟನ್ನು ಸಾಮಾನ್ಯವಾಗಿ 51820 ಎಂಬ ಬೇರೆ ಟೇಬಲ್ಲಿನಲ್ಲಿಟ್ಟು, ಯಾವ ಟೇಬಲ್ ನೋಡಬೇಕೆಂದು ಹೇಳುವ ಐಪಿ ರೂಲ್ ಮೂಲಕ ದಾರಿ ತಿರುಗಿಸುತ್ತದೆ. ಮೇನ್ ಟೇಬಲ್ಲಿನಲ್ಲಿ 100 ಹಾಗೆಯೇ ಇರುತ್ತದೆ, ಪ್ಯಾಕೆಟ್ ಮಾತ್ರ ಆ ಕಡೆ ಹೋಗುವುದಿಲ್ಲ. ಅದಕ್ಕೇ ಮೆಟ್ರಿಕ್ ತೋರಿಸುವಾಗ ಟೇಬಲ್ ಸಂಖ್ಯೆಯನ್ನೂ ಜೊತೆಗೆ ತೋರಿಸಿ. ಟೇಬಲ್ ಸಂಖ್ಯೆ 255 ದಾಟಿದರೆ ನೆಟ್‌ಲಿಂಕ್ ಉತ್ತರದ ಹೆಡರಿನ 8 ಬಿಟ್ ಜಾಗ ಸಾಲದು, ಆರ್‌ಟಿಎ-ಟೇಬಲ್‌ನಿಂದ ಓದಬೇಕು. ಅನುಮಾನ ಉಳಿದರೆ ಐಪಿ ರೂಟ್ ಗೆಟ್ ಆಜ್ಞೆಗೆ ಒಂದು ಹೊರಗಿನ ವಿಳಾಸ ಕೊಟ್ಟು ನೋಡಿ. ರೂಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಕರ್ನೆಲ್ ಉತ್ತರ ಕೊಡುತ್ತದೆ.