ಕ್ರೋನ್ಸ್ ಕಾಯಿಲೆ: ಎಷ್ಟು ಕತ್ತರಿಸಬೇಕು, ಎಷ್ಟು ಬಿಡಬೇಕು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಅದೂ ಬಸವನಗುಡಿಯಲ್ಲಿ, ದೋಸೆ ಬಿಟ್ಟು ಕರುಳಿನ ಕಥೆ ಕೇಳೋಕೆ ಬಂದಿದ್ದೀರಿ. ದೊಡ್ಡ ಮನಸ್ಸು.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತುಂಬಾ ವರ್ಷದ ಹಿಂದೆ, ರಾತ್ರಿ ಡ್ಯೂಟಿಯಲ್ಲಿ, ಬಲಗಡೆ ಕೆಳಹೊಟ್ಟೆ ನೋವು ಅಂತ ಬಂದ ಹುಡುಗನಿಗೆ ಅಪೆಂಡಿಕ್ಸ್ ಇರಬೇಕು ಅಂದುಕೊಂಡು ಹೊಟ್ಟೆ ತೆರೆದೆ. ಅಪೆಂಡಿಕ್ಸ್ ಚೆನ್ನಾಗೇ ಇತ್ತು. ಅದರ ಪಕ್ಕ, ಸಣ್ಣ ಕರುಳಿನ ಕೊನೆಯ ಭಾಗ ಕೆಂಪಗೆ ಊದಿಕೊಂಡು, ಮುಟ್ಟಿದರೆ ತೋಟಕ್ಕೆ ನೀರು ಬಿಡುವ ಪೈಪಿನ ಹಾಗೆ ಗಟ್ಟಿಯಾಗಿತ್ತು. ಒಂದು ಬದಿಯಲ್ಲಿ ತೆಪ್ಪಗೆ ಇರಬೇಕಾದ ಕೊಬ್ಬು ಬೆರಳು ಚಾಚಿಕೊಂಡು ಕರುಳಿನ ಮೇಲೆಲ್ಲಾ ಹತ್ತಿತ್ತು. ಅದೇ ಕ್ರೋನ್ಸ್, ಕರುಳಿನ ಉರಿಯೂತದ ಕಾಯಿಲೆ.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಮೂವರೂ ಸೇರಿ 14 ರೋಗಿಗಳ ಬಗ್ಗೆ ಬರೆದರು. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಕ್ರೋನ್ ಮೊದಲು ಬಂದರು, ಹೆಸರು ಅವರಿಗೇ ಅಂಟಿತು. ಆಪರೇಷನ್ ಮಾಡಿದ ಸರ್ಜನ್ ಬರ್ಗ್ ತಮ್ಮ ಹೆಸರು ಹಾಕಲು ಒಪ್ಪಿದ್ದರೆ ಇವತ್ತು ಬರ್ಗ್ ಕಾಯಿಲೆ ಅನ್ನುತ್ತಿದ್ದೆವೋ ಏನೋ.

ಈ ಕಾಯಿಲೆ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಆದರೆ ಸಣ್ಣ ಕರುಳಿನ ಕೊನೆ ಅಂದರೆ ಅದಕ್ಕೆ ಜಾಸ್ತಿ ಪ್ರೀತಿ. ನಡುನಡುವೆ ಒಳ್ಳೆಯ ಕರುಳನ್ನು ಬಿಟ್ಟು ಅಲ್ಲಲ್ಲಿ ಕೂರುತ್ತದೆ. ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ಕೆಲವರಿಗೆ ಬರೀ ಉರಿಯೂತ: ಬೇಧಿ, ಜ್ವರ, ತೂಕ ಇಳಿಯುವುದು. ಕೆಲವರಿಗೆ ಕರುಳು ಕಿರಿದಾಗುತ್ತದೆ, ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡುತ್ತದೆ, ಉಬ್ಬುತ್ತದೆ, ಕೊನೆಗೆ ತಟ್ಟೆ ಕಂಡರೇ ಭಯ. ಇನ್ನು ಕೆಲವರಿಗೆ ಗೋಡೆ ತೂತಾಗಿ ಕೀವು ಕಟ್ಟುತ್ತದೆ, ಇಲ್ಲವೇ ಪಕ್ಕದ ಅಂಗಕ್ಕೆ ದಾರಿ ಬೀಳುತ್ತದೆ. ಮೂತ್ರದ ಜೊತೆ ಗಾಳಿ ಬರುತ್ತದೆ ಅಂತ ಯಾರಾದರೂ ನಾಚಿಕೊಂಡು ಹೇಳಿದರೆ ನಗಬೇಡಿ. ಕರುಳಿಗೂ ಮೂತ್ರಕೋಶಕ್ಕೂ ದಾರಿಯಾಗಿರಬಹುದು. ಇಂಥ ಕಳ್ಳದಾರಿಗೇ ಫಿಸ್ಟುಲಾ ಅನ್ನುತ್ತೇವೆ. ಗುದದ ಸುತ್ತ ಬರುವ ಫಿಸ್ಟುಲಾ ಬೇರೆಯೇ ಗೋಳು. ಪೈಲ್ಸ್ ಅಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚಿದವರನ್ನು ನೋಡಿದ್ದೇನೆ.

ನಮ್ಮಲ್ಲಿ ಇನ್ನೊಂದು ತಲೆನೋವು ಇದೆ, ಕರುಳಿನ ಟಿಬಿ. ಅದೂ ಅದೇ ಜಾಗಕ್ಕೆ ಬರುತ್ತದೆ, ಕ್ಯಾಮೆರಾದಲ್ಲೂ ಹಾಗೇ ಕಾಣುತ್ತದೆ. ಟಿಬಿ ಇದ್ದವರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಕೆಂಡಕ್ಕೆ ಗಾಳಿ ಹಾಕಿದ ಹಾಗೆ. ಅದಕ್ಕೇ ಬಯಾಪ್ಸಿಯಲ್ಲೂ ಗೊತ್ತಾಗದಿದ್ದರೆ ಮೊದಲು ಟಿಬಿ ಮಾತ್ರೆ ಕೊಟ್ಟು ನೋಡುವುದುಂಟು.

ಈಗ ಆಪರೇಷನ್. ಕತ್ತರಿಸಿದರೆ ಕಾಯಿಲೆ ಪೂರ್ತಿ ಹೋಗುತ್ತಾ? ಇಲ್ಲ. ಜೋಡಿಸಿದ ಜಾಗದಲ್ಲೇ ಮತ್ತೆ ಬರಬಹುದು. ಹಿಂದೆ ಅಂಚಲ್ಲಿ ಚೂರೂ ಉಳಿಯಬಾರದು ಅಂತ ಉದ್ದುದ್ದ ತೆಗೆಯುತ್ತಿದ್ದರು. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಯಿಲೆಯ ಭಾಗದ ಜೊತೆ ಅಂಚಲ್ಲಿ ಕೆಲವರಿಗೆ 2 ಸೆಂ.ಮೀ., ಕೆಲವರಿಗೆ 12 ಸೆಂ.ಮೀ. ಒಳ್ಳೆಯ ಕರುಳನ್ನೂ ಸೇರಿಸಿ ಕತ್ತರಿಸಿದರು. ಮರಳಿ ಬರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಸಣ್ಣ ಕರುಳು ಸುಮಾರು 6 ಮೀಟರ್, ಅದು 2 ಮೀಟರಿಗಿಂತ ಕಡಿಮೆಯಾದರೆ ತಿಂದದ್ದು ಮೈಗೆ ಹತ್ತುವುದೇ ಕಷ್ಟ. ಅಷ್ಟು ಧಾರಾಳ ಯಾಕೆ, ಅಲ್ವಾ?

ಕತ್ತರಿಸದೇ ಅಗಲ ಮಾಡುವ ದಾರಿಯೂ ಇದೆ, ಸ್ಟ್ರಿಕ್ಚರೋಪ್ಲಾಸ್ಟಿ. ನಿಮ್ಮ ಶರ್ಟಿನ ತೋಳನ್ನು ಹಿಡಿದುಕೊಳ್ಳಿ. ಬಿಗಿಯಾದ ಜಾಗದಲ್ಲಿ ಉದ್ದಕ್ಕೆ ಸೀಳಿ, ಆ ಸೀಳನ್ನೇ ಅಡ್ಡಕ್ಕೆ ಹೊಲಿದರೆ ತೋಳು ಸ್ವಲ್ಪ ಗಿಡ್ಡವಾಗುತ್ತದೆ, ಆದರೆ ಅಗಲವಾಗುತ್ತದೆ. ಬಟ್ಟೆ ಒಂದಿಂಚೂ ವ್ಯರ್ಥವಿಲ್ಲ. 1977ರಲ್ಲಿ ಭಾರತದ ಸರ್ಜನ್‌ಗಳು ಟಿಬಿಯಿಂದ ಕಿರಿದಾದ ಕರುಳಿಗೆ ಇದನ್ನು ಮಾಡಿದ ವರದಿ ಬಂತು. 1982ರಲ್ಲಿ ಆಕ್ಸ್‌ಫರ್ಡ್‌ನ ಸರ್ಜನ್ ಲೀ ಅದನ್ನು ಕ್ರೋನ್ಸ್‌ಗೆ ಬಳಸಿದ ವರದಿ ಪ್ರಕಟವಾಯಿತು. ನಾವು ಸುಮ್ನೆ ಹೆಮ್ಮೆಪಡಬಹುದಾದ ಜಾಗ ಇದು.

ಗುದದ ಫಿಸ್ಟುಲಾಕ್ಕೆ ಅವಸರ ಬೇಡ. ಮೊದಲು ಕೀವು ಹೊರಗೆ ಹೋಗಬೇಕು. ಆ ದಾರಿಯಲ್ಲಿ ಸೀಟನ್ ಅನ್ನುವ ದಾರವನ್ನು ಸಡಿಲವಾಗಿ ಕಟ್ಟಿಟ್ಟು, ಔಷಧಿ ಶುರು ಮಾಡುತ್ತೇವೆ. ಒಂದೇ ಏಟಿಗೆ ಸೀಳಿಬಿಡೋಣ ಅಂತ ಹೋದರೆ ಸ್ನಾಯು ಹೋಗಿ, ಮಲ ತಡೆಯುವ ಶಕ್ತಿಯೇ ಹೋಗಬಹುದು.

ಆ ಹುಡುಗನ ಕಥೆ ಮುಗಿಸುತ್ತೇನೆ. ಆ ರಾತ್ರಿ ಅಪೆಂಡಿಕ್ಸ್ ಮಾತ್ರ ತೆಗೆದು, ಕರುಳನ್ನು ಮುಟ್ಟದೆ ಹೊಟ್ಟೆ ಮುಚ್ಚಿದೆ. ಕೆಲವು ವರ್ಷ ಔಷಧಿಯಲ್ಲೇ ನಡೆಯಿತು, ಆಮೇಲೆ ಕರುಳು ಕಿರಿದಾಯಿತು, ಒಂದು ಗೇಣು ತೆಗೆದೆವು. ಈಗ ಅವನಿಗೇ ಒಬ್ಬಳು ಮಗಳಿದ್ದಾಳೆ. ತೆಗೆದ ಆ ಭಾಗ ಹೀರಬೇಕಿದ್ದ ಬಿ12 ವಿಟಮಿನ್ನಿನ ಇಂಜೆಕ್ಷನ್ನಿಗೆ ಬರುತ್ತಾನೆ, ಜೇಬಲ್ಲಿ ಸಿಗರೇಟು ಪ್ಯಾಕ್ ಕಂಡರೆ ನನ್ನ ಕೈಲಿ ಬೈಸಿಕೊಂಡು ಹೋಗುತ್ತಾನೆ.